ಸಂತೆ ಹೊತ್ತಿಗೆ ಮೂರು ಮೊಳ

ಸ್ವಂತ ಖರ್ಚಿನಲ್ಲಿ ಪುಸ್ತಕ ತಂದಿದ್ದೀನಿ ಅಂತ ಗೊತ್ತಾದ ಮೇಲೆ ಆಫೀಸಿನಲ್ಲಿ ಎರಡು ಪ್ರಶ್ನೆ ಖಾಯಂ. ಒಂದು, "ಎಷ್ಟು ದುಡ್ಡು ಬಂತು?" ಇನ್ನೊಂದು, "ನಿಂಗೆ ಟೈಮ್ ಎಲ್ಲಿಂದ ಸಿಗುತ್ತೆ ಮಾರಾಯ?" ಮೊದಲನೆಯದಕ್ಕೆ ಎಕ್ಸೆಲ್ ಶೀಟ್ ತೋರಿಸಿ ಸುಮ್ಮನಾಗಬಹುದು. ಈ ವಾರ ಎರಡನೆಯದಕ್ಕೆ ಉತ್ತರ ಬರೀತೀನಿ. ಯಾಕಂದ್ರೆ ಕೋಡ್ ಬರೆಯುತ್ತಲೇ ಕತೆ, ಕವಿತೆ, ಲೇಖನ ಬರೆಯೋರು ನಿಮ್ಮಲ್ಲೂ ಬಹಳ ಜನ ಇದ್ದೀರಿ.

ಪ್ರಕಾಶಕರು ಇದ್ದರೆ ಲೇಖಕನಿಗೆ ಒಂದೇ ಕೆಲಸ. ನಾವೇ ಪ್ರಕಾಶಕರಾದರೆ ಮೂರು: ಬರೆಯೋದು, ಮಾರೋದು, ಕಲಿಯೋದು. ನಮ್ಮ ಸೀಮೆಯ ಕೆರೆಗಳ ಬಗ್ಗೆ ಬರೆದ ಲೇಖನಗಳನ್ನು ಸೇರಿಸಿ ನಾನು ಮೊದಲ ಪುಸ್ತಕ ತಂದೆ. ಎರಡನೆಯದು ಅರ್ಧ ಆಗಿದೆ. ಜೊತೆಗೆ ದೂರಶಿಕ್ಷಣದಲ್ಲಿ ಕನ್ನಡ ಎಂ.ಎ. ನಡೀತಿದೆ. ಹೊಟ್ಟೆಪಾಡಿನ ಕೆಲಸ ಇದರ ಮೇಲೆ ಬೇರೆ.

ಇದೇನು ಹೊಸ ಕಾಲದ ಸಾಹಸ ಅಲ್ಲ. ಗಳಗನಾಥರು ಶಾಲಾ ಮೇಷ್ಟ್ರಾಗಿದ್ದವರು; ತಾವೇ ಬರೆದ ಪುಸ್ತಕಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ನಂಜನಗೂಡು ತಿರುಮಲಾಂಬ ಅವರು ನೂರು ವರ್ಷಕ್ಕೂ ಹಿಂದೆ ಸತೀಹಿತೈಷಿಣಿ ಗ್ರಂಥಮಾಲೆ ಶುರು ಮಾಡಿ, ತಮ್ಮ ಬರಹವನ್ನು ತಾವೇ ಪ್ರಕಟಿಸಿದರು; ಪತ್ರಿಕೆಯನ್ನೂ ನಡೆಸಿದರು. ಅವರ ಮುಂದೆ ನಮ್ಮ ಕಷ್ಟ ದೊಡ್ಡದೇನಲ್ಲ. ಆದರೆ ಅವರ ಕೈಯಲ್ಲಿ ಫೋನ್ ಇರಲಿಲ್ಲ. ವ್ಯತ್ಯಾಸ ಇರೋದು ಇಲ್ಲೇ.

ಪುಸ್ತಕದ ಬಗ್ಗೆ ಒಂದು ಪೋಸ್ಟ್ ಹಾಕಿದರೆ ಹತ್ತು ನಿಮಿಷದಲ್ಲಿ ಲೈಕ್ ಬರುತ್ತೆ. ಹಳಗನ್ನಡದ ಒಂದು ಪಾಠ ಓದಿದರೆ ಅದರ ಫಲ ಆರು ತಿಂಗಳಿಗೆ ಕಾಣುತ್ತೆ. ಒಂದು ಅಧ್ಯಾಯ ಬರೆದರೆ ಓದುಗರ ಕೈಗೆ ಹೋಗೋದಕ್ಕೆ ಎರಡು ವರ್ಷ. ಮೂರನ್ನೂ ಒಂದೇ ದಿನದಲ್ಲಿ ಇಟ್ಟರೆ ಬೇಗ ಫಲ ಕೊಡೋದು ಉಳಿದೆರಡನ್ನು ನುಂಗಿಹಾಕುತ್ತೆ. ಇದರಲ್ಲಿ ಶಿಸ್ತಿನ ಪ್ರಶ್ನೆ ಕಡಿಮೆ. ಮನಸ್ಸು ಇರೋದೇ ಹಾಗೆ.

ಈಗ ಸಮಯದ ಲೆಕ್ಕ. ವಾರದ ದಿನಗಳಲ್ಲಿ ನನಗೆ ಸಿಗೋದು ಬೆಳಿಗ್ಗೆ ಒಂದು ಗಂಟೆ, ಶನಿವಾರ ಭಾನುವಾರ ಮೂರು ಮೂರು ಗಂಟೆ. ಒಟ್ಟು 11 ಗಂಟೆ. ಇದನ್ನು ದಿನಾ ಮೂರು ಭಾಗ ಮಾಡಿದರೆ ಒಂದೊಂದಕ್ಕೆ ಇಪ್ಪತ್ತು ನಿಮಿಷ. ನಿನ್ನೆ ಎಲ್ಲಿ ನಿಲ್ಲಿಸಿದ್ದೆ ಅಂತ ನೆನಪು ಮಾಡಿಕೊಳ್ಳೋಕೇ ಅಷ್ಟು ಬೇಕು. ಹಾಗಾಗಿ ದಿನವನ್ನು ಭಾಗ ಮಾಡೋದು ಬಿಟ್ಟು ವರ್ಷವನ್ನು ಭಾಗ ಮಾಡಿದೆ. ಊರಲ್ಲಿ ಉಳುಮೆಗೊಂದು ಕಾಲ, ಕಟಾವಿಗೊಂದು ಕಾಲ ಇರೋ ಹಾಗೆ.

ನವೆಂಬರ್‌ನಿಂದ ಜನವರಿ: ಮಾರಾಟ

ಕನ್ನಡ ಪುಸ್ತಕಕ್ಕೆ ಇದು ಸುಗ್ಗಿ. ರಾಜ್ಯೋತ್ಸವದ ತಿಂಗಳಲ್ಲಿ ರಿಯಾಯಿತಿ ಮಾರಾಟ, ಪುಸ್ತಕ ಮಳಿಗೆ ಎಲ್ಲಾ ಕಡೆ. ಐಟಿ ಕಂಪನಿಗಳ ಕನ್ನಡ ಬಳಗಗಳು ಕಾರ್ಯಕ್ರಮ ಮಾಡೋದೂ ಆಗಲೇ. ಸಾಹಿತ್ಯ ಸಮ್ಮೇಳನ ನಡೆದರೆ ಹೆಚ್ಚಾಗಿ ಇದೇ ಚಳಿಗಾಲದಲ್ಲಿ: ಹಾವೇರಿಯದು 2023ರ ಜನವರಿಯಲ್ಲಿ, ಮಂಡ್ಯದ್ದು 2024ರ ಡಿಸೆಂಬರ್‌ನಲ್ಲಿ. ಈ ಮೂರು ತಿಂಗಳು ನಾನು ಸಂಕೋಚ ಬಿಟ್ಟು ಮಾರಾಟಗಾರ. ಪೋಸ್ಟ್ ಹಾಕ್ತೀನಿ, ಮಾತಾಡೋಕೆ ಕರೆದರೆ ಹೋಗ್ತೀನಿ, ಬ್ಯಾಗಿನಲ್ಲಿ ಐದು ಪ್ರತಿ ಇರುತ್ತೆ.

ಉಳಿದ ಒಂಬತ್ತು ತಿಂಗಳು ಪ್ರಚಾರಕ್ಕೆ ಶನಿವಾರ ಬೆಳಗ್ಗೆ ಮಾತ್ರ. ವಾರವಿಡೀ ಬಂದ ಆರ್ಡರ್‌ಗಳನ್ನು ಅವತ್ತೇ ಪ್ಯಾಕ್ ಮಾಡಿ ಅಂಚೆಗೆ ಹಾಕೋದು. ಈ ನಿಯಮ ಮಾಡಿದ್ದು ನಾನಲ್ಲ, ಅಮ್ಮ. "ಶನಿವಾರ ಒಂದಿನ ಬಿಟ್ಟು ಬೇರೆ ದಿನ ಈ ಗೋಂದು, ಕತ್ತರಿ, ರಟ್ಟು ನನ್ನ ಕಣ್ಣಿಗೆ ಬೀಳಬಾರದು ಕಣೋ" ಅಂದಳು. ಯಾವ ಪ್ರಾಜೆಕ್ಟ್ ಮ್ಯಾನೇಜರೂ ನನಗೆ ಇಷ್ಟು ಒಳ್ಳೆಯ ಪ್ಲಾನ್ ಕೊಟ್ಟಿಲ್ಲ.

ಅಂಚೆ ಅಂದಾಗ ಒಂದು ಉಪಯೋಗದ ವಿಷಯ. 2025ರ ಮೇ 1ರಿಂದ ಅಂಚೆ ಇಲಾಖೆಯ 'ಜ್ಞಾನ ಪೋಸ್ಟ್' ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿವರೆಗಿನ ಕಟ್ಟಿಗೆ 100 ರೂಪಾಯಿ, ತೆರಿಗೆ ಬೇರೆ. ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗಾಗಿ ಮಾಡಿದ ಸೇವೆ ಇದು. ಜಾಹೀರಾತು ಇರೋ ಪ್ರಕಟಣೆಗಳಿಗೆ ಅಲ್ಲ. ನಿಮ್ಮ ಪುಸ್ತಕ ಆ ಸಾಲಿಗೆ ಸೇರುತ್ತಾ ಅಂತ ಕೌಂಟರಿನಲ್ಲಿ ಮೊದಲೇ ಕೇಳಿ. ಕಾಗದ ಆರಿಸುವಾಗಲೇ ತೂಕ ನೋಡಿಕೊಳ್ಳೋದೂ ಒಳ್ಳೇದು. 192 ಪುಟದ ಡೆಮಿ ಪುಸ್ತಕ 70 ಜಿಎಸ್‌ಎಂ ಕಾಗದದಲ್ಲಿ ಸುಮಾರು 220 ಗ್ರಾಂ ಬರುತ್ತೆ. ಅದೇ 80 ಜಿಎಸ್‌ಎಂ ಆದರೆ 250ರ ಹತ್ತಿರ. ಮೇಲೆ ದಪ್ಪ ರಟ್ಟು ಸುತ್ತಿದರೆ 300 ದಾಟಬಹುದು. ಪುಟ 192 ಅಂದಿದ್ದಕ್ಕೂ ಕಾರಣ ಇದೆ: ಮುದ್ರಣದಲ್ಲಿ 16 ಪುಟಕ್ಕೆ ಒಂದು ಫಾರ್ಮ್, ಸರಿಯಾಗಿ 12 ಫಾರ್ಮ್. 194 ಪುಟ ಆದರೆ ಎರಡು ಪುಟಕ್ಕಾಗಿ ಮತ್ತೊಂದು ಫಾರ್ಮಿನ ತಲೆನೋವು.

ಈಗ ದುಡ್ಡು. ಬೆಲೆ 200 ರೂಪಾಯಿ ಅಂತಿಟ್ಟುಕೊಳ್ಳಿ. ಅಂಗಡಿ ಮತ್ತು ವಿತರಕರ ಪಾಲು ನೂರಕ್ಕೆ 40 ಅಂದ್ರೆ ನಮಗೆ 120. ಮುದ್ರಣಕ್ಕೆ ಪ್ರತಿಗೆ 70 ಹೋದರೆ ಉಳಿಯೋದು 50. ಮುನ್ನೂರು ಪ್ರತಿ ಪೂರ್ತಿ ಖರ್ಚಾದರೂ 15,000 ರೂಪಾಯಿ. ಅದರಲ್ಲೇ ಮುಖಪುಟ ಮಾಡಿದವರಿಗೆ, ಕರಡು ತಿದ್ದಿದವರಿಗೆ ಕೊಡಬೇಕು. ಈ ಲೆಕ್ಕ ನೋಡಿ ಬೇಜಾರಾಗಬೇಡಿ. ಇನ್ನೂ ಹತ್ತು ಪ್ರತಿ ಮಾರೋಕೆ ಅಂತ ಒಂದಿಡೀ ಭಾನುವಾರ ಬಿಟ್ಟುಕೊಟ್ಟರೆ ಸಿಗೋದು 500 ರೂಪಾಯಿ. ಆ ಭಾನುವಾರ ಬರೆದರೆ ಎರಡು ಪುಟ ಮುಂದೆ ಹೋಗುತ್ತೆ. ಎರಡನೇ ಪುಸ್ತಕ ಬಂದಾಗ ಓದುಗರು ಮೊದಲನೆಯದನ್ನೂ ಹುಡುಕ್ತಾರೆ. ಅದಕ್ಕಿಂತ ಒಳ್ಳೆ ಪ್ರಚಾರ ನನಗೆ ಕಂಡಿಲ್ಲ.

ಆಫ್‌ಸೆಟ್‌ನಲ್ಲಿ ಪ್ಲೇಟಿನ ಖರ್ಚು ಹಂಚಿಹೋಗೋದರಿಂದ ಸಾವಿರ ಪ್ರತಿ ಹಾಕಿಸಿದರೆ ಒಂದೊಂದರ ಖರ್ಚು ಇಳಿಯುತ್ತೆ, ನಿಜ. ಆದರೆ ಉಳಿದ ಪ್ರತಿಗಳು ಮಂಚದ ಕೆಳಗೆ ಕೂತು ದಿನಾ "ನಮ್ಮನ್ನು ಮಾರು" ಅನ್ನುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಡಿಜಿಟಲ್ ಮುದ್ರಣದಲ್ಲಿ ನೂರು, ಇನ್ನೂರು ಪ್ರತಿಯೂ ಆಗುತ್ತೆ. ಖಾಲಿಯಾದ ಮೇಲೆ ಮತ್ತೆ ಹಾಕಿಸಿದರಾಯಿತು. ಇ-ಪುಸ್ತಕಕ್ಕೂ ದಾರಿ ಇದೆ. 2016ರ ಕೊನೆಯಲ್ಲಿ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಸೇರಿಸಿಕೊಂಡಾಗ ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಆದರೆ ಗೂಗಲ್ ಪ್ಲೇ ಬುಕ್ಸ್, ಮೈಲ್ಯಾಂಗ್‌ನಂಥ ಕಡೆ ಕನ್ನಡ ಪುಸ್ತಕ ಸಿಗುತ್ತೆ. ಅಲ್ಲಿ ಗೋಂದು, ಕತ್ತರಿಯ ಗಲಾಟೆ ಇಲ್ಲ.

ಫೆಬ್ರವರಿಯಿಂದ ಜೂನ್: ಬರವಣಿಗೆ

ಈ ಐದು ತಿಂಗಳ 11 ಗಂಟೆಯೂ ಪುಸ್ತಕದ್ದೇ. ನನ್ನ ವಿಷಯಕ್ಕೆ ಕಾಲವೂ ಸರಿಹೊಂದುತ್ತೆ. ಬೇಸಿಗೆಯಲ್ಲಿ ಕೆರೆಯ ನೀರು ಇಳಿದಾಗ ತೂಬು ಕಾಣುತ್ತೆ, ಏರಿಯ ಕಲ್ಲುಕಟ್ಟಡ ಕಾಣುತ್ತೆ, ಕೆಲವು ಕಡೆ ಮುಳುಗಿದ್ದ ಶಾಸನದ ಕಲ್ಲೂ ಕಾಣುತ್ತೆ. ನಿಮ್ಮ ವಿಷಯಕ್ಕೂ ಇಂಥದೊಂದು ಕಾಲ ಇರಬಹುದು, ಹುಡುಕಿ ನೋಡಿ. ಮಾರ್ಚ್, ಏಪ್ರಿಲ್‌ನಲ್ಲಿ ಆಫೀಸಿನ ಅಪ್ರೈಸಲ್ ಗಲಾಟೆ ಇರೋದರಿಂದ ಆ ಆರು ವಾರಕ್ಕೆ ಗುರಿ ಅರ್ಧ ಮಾಡಿಕೊಳ್ತೀನಿ.

ಆಫೀಸ್ ಅಂದಾಗ ಇನ್ನೊಂದು ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ನೌಕರಿಯ ಕೆಲಸದ ಭಾಗವಾಗಿ ಬರೆದದ್ದರ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕರದ್ದು. ನಿಮ್ಮ ಸಮಯದಲ್ಲಿ ಬರೆದ ಕಾದಂಬರಿ ನಿಮ್ಮದೇ. ಆದರೂ ಕಂಪನಿ ಲ್ಯಾಪ್‌ಟಾಪಿನಲ್ಲಿ ಬರೆಯೋದು ಬೇಡ. ಬೇರೆ ಆದಾಯದ ಬಗ್ಗೆ ನೇಮಕಾತಿ ಪತ್ರದಲ್ಲಿ ಏನಿದೆ ಓದಿ, ಬೇಕಿದ್ದರೆ ಎಚ್‌ಆರ್‌ನಿಂದ ಇಮೇಲ್‌ನಲ್ಲಿ ಒಪ್ಪಿಗೆ ತಗೊಳ್ಳಿ. ಒಂದು ಸಾಲಿನ ಇಮೇಲ್, ನೂರು ದಿನದ ನೆಮ್ಮದಿ.

ಜುಲೈಯಿಂದ ಅಕ್ಟೋಬರ್: ಕಲಿಕೆ, ಮುದ್ರಣ

ಎಂ.ಎ. ಯಾಕೆ ಅಂತ ಸ್ನೇಹಿತರು ಕೇಳ್ತಾರೆ. ಪ್ರಮೋಷನ್‌ಗೆ ಇದರಿಂದ ಮೂರು ಕಾಸಿನ ಉಪಯೋಗ ಇಲ್ಲ. ಕಾರಣ ಇಷ್ಟು: ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ತುಮಕೂರು ಜಿಲ್ಲೆಯ ಶಾಸನಗಳಿಗೇ ಒಂದು ಸಂಪುಟ ಇದೆ, ಹನ್ನೆರಡನೆಯದು. ಕೆರೆ ಶಾಸನ ಓದೋಕೆ ಕೂತರೆ 'ಬಿತ್ತುವಟ್ಟ', 'ಕಟ್ಟುಕೊಡಗೆ' ಅನ್ನೋ ಮಾತು ಎದುರಾಗುತ್ತೆ. ಕೆರೆ ಕಟ್ಟಿಸಿದವರಿಗೆ, ಅದನ್ನು ನೋಡಿಕೊಂಡವರಿಗೆ ಬಿಟ್ಟ ಭೂಮಿಯ ವಿಚಾರ ಅದು. ಪಿಯುಸಿಗೆ ನಿಂತ ನನ್ನ ಕನ್ನಡಕ್ಕೆ ಇದು ನಿಲುಕದು. ಮೊದಲ ಪುಸ್ತಕಕ್ಕೆ ಕೆರೆಯ ಮೇಲಿನ ಪ್ರೀತಿ ಸಾಕಾಗಿತ್ತು. ಎರಡನೆಯದಕ್ಕೆ ಓದು ಬೇಕು.

ಹಾಗಂತ ಎಲ್ಲವನ್ನೂ ಕಲಿಯೋಕೆ ಹೊರಟರೆ ಬರೆಯೋದು ಯಾವಾಗ? ಕೆಲಸ ಸರಿಯಾಗಿದೆಯಾ ಅಂತ ನೋಡಿ ಹೇಳುವಷ್ಟು ಕಲಿ, ಮಾಡೋಕೆ ತಿಳಿದವರಿಗೆ ಕೊಡು, ಇಷ್ಟೇ ನನ್ನ ಸೂತ್ರ. ಪುಟವಿನ್ಯಾಸ ನಾನು ಮಾಡಲ್ಲ. ಆದರೆ ಯೂನಿಕೋಡಿನಲ್ಲಿ ಟೈಪ್ ಮಾಡಿದ್ದನ್ನು ಡಿಟಿಪಿಯವರು ಹಳೆಯ ನುಡಿ ಫಾಂಟಿಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡುತ್ತವೆ ಅಂತ ಗೊತ್ತಿದ್ದರೆ ಕರಡಿನಲ್ಲಿ ಎಲ್ಲಿ ಕಣ್ಣಿಡಬೇಕು ಅನ್ನೋದು ತಿಳಿಯುತ್ತೆ. ಕರಡು ತಿದ್ದೋಕೆ ಮಾತ್ರ ದುಡ್ಡು ಕೊಟ್ಟಾದರೂ ಬೇರೆಯವರನ್ನು ಹಿಡಿಯಿರಿ. ನಾವು ಬರೆದದ್ದರಲ್ಲಿ ನಮ್ಮ ಕಣ್ಣಿಗೆ ಕಾಣೋದು ನಾವು ಬರೆಯಬೇಕು ಅಂದುಕೊಂಡದ್ದು. ಕೋಡ್ ರಿವ್ಯೂ ಮಾಡೋ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಚೇರಿ ಕೆಲಸಗಳೂ ಇದೇ ಹೊತ್ತಿನಲ್ಲಿ. ಐಎಸ್‌ಬಿಎನ್ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆಯಿಂದ ಉಚಿತ, ಆನ್‌ಲೈನ್‌ನಲ್ಲೇ ಅರ್ಜಿ. ಯಾರಾದರೂ ದುಡ್ಡು ಕೇಳಿದರೆ ಅದು ಅವರ ಕೈಕೂಲಿ, ನಂಬರಿನ ಬೆಲೆ ಅಲ್ಲ. 1954ರ ಕಾಯ್ದೆಯಂತೆ ಪುಸ್ತಕ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು. ಚೊಚ್ಚಲ ಕೃತಿಯಾದರೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಇದೆ. ವಯಸ್ಸಿನ ಮಿತಿ ಇರೋದರಿಂದ ಪ್ರಕಟಣೆ ಬಂದಾಗಲೇ ಪೂರ್ತಿ ಓದಿ ಅರ್ಜಿ ಹಾಕಿ.

ಇಷ್ಟೆಲ್ಲಾ ಕಟ್ಟುನಿಟ್ಟು ಬೇಕಾ, ನಿಧಾನಕ್ಕೆ ಬರೆದರಾಯ್ತಲ್ಲ ಅಂತ ಅನ್ನಿಸಬಹುದು. ಕೆಲವರ ಪುಸ್ತಕ ಕಾಯುತ್ತೆ, ನನ್ನದು ಕಾಯಲ್ಲ. ನಾನು ಮಾತಾಡಿಸಬೇಕಾದ ನೀರುಗಂಟಿಗಳಿಗೆಲ್ಲ ಎಂಬತ್ತರ ಆಸುಪಾಸು. ಯಾವ ತೂಬು ಎಷ್ಟು ಎತ್ತಿದರೆ ಯಾವ ಗದ್ದೆಗೆ ನೀರು ಎಷ್ಟು ಹೊತ್ತಿಗೆ ಮುಟ್ಟುತ್ತೆ ಅನ್ನೋ ಲೆಕ್ಕ ಅವರ ತಲೆಯಲ್ಲಿ ಮಾತ್ರ ಇದೆ, ಯಾವ ಶಾಸನದಲ್ಲೂ ಇಲ್ಲ. ಕಳೆದ ಬೇಸಿಗೆಯಲ್ಲಿ ಒಬ್ಬರು ಅರ್ಧ ದಿನ ಏರಿ ಮೇಲೆ ನಡೆಸಿಕೊಂಡು ಹೋಗಿ ತೋರಿಸಿ, "ಉಳಿದದ್ದಕ್ಕೆ ಇನ್ನೊಂದ್ಸಲ ಬಾರಪ್ಪ" ಅಂದರು. ದೀಪಾವಳಿಗೆ ಫೋನ್ ಮಾಡಿದರೆ ಅವರ ಮಗ ಎತ್ತಿದ. "ಅಪ್ಪ ಹೋಗಿ ಒಂದು ತಿಂಗಳಾಯ್ತು ಸಾರ್" ಅಂದ.

ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ ಹಾಗೆ ಅನ್ನೋ ಗಾದೆಯನ್ನು ಅವಸರದ ಕೆಲಸಕ್ಕೆ ಬಯ್ಯೋಕೆ ಬಳಸ್ತಾರೆ. ನನಗೆ ಅದರಲ್ಲಿ ಸಂತೆಯ ದಿನ ಮಗ್ಗದ ಮುಂದೆ ಕೂತ ಮನುಷ್ಯ ಕಾಣ್ತಾನೆ. ನೇಯೋಕೆ ಬೇರೆ ದಿನ, ಸಂತೆಗೆ ಬೇರೆ ದಿನ ಅಂತ ಮೊದಲೇ ಇಟ್ಟುಕೊಂಡಿದ್ದರೆ ಅವನ ಬಟ್ಟೆ ಮೂರು ಮೊಳಕ್ಕೆ ನಿಲ್ಲುತ್ತಿರಲಿಲ್ಲ.

ಫೆಬ್ರವರಿಯ ಮೊದಲ ಶನಿವಾರಕ್ಕೆ ಇನ್ನೊಬ್ಬ ನೀರುಗಂಟಿಯವರ ಊರಿಗೆ ಬಸ್ ಟಿಕೆಟ್ ಮಾಡಿಸಿದ್ದೀನಿ. ಅವತ್ತು ಪುಸ್ತಕ ಆರ್ಡರ್ ಮಾಡಿದವರು ದಯವಿಟ್ಟು ಒಂದು ವಾರ ಕಾಯಿರಿ.