ಬೆಳಗಿನ ಕಾಫಿಗೆ ಬೇಸ್‌ಬಾಲ್ ಸ್ಕೋರು

ಬೆಳಗ್ಗೆ ಏಳು ಗಂಟೆ. ಮೈಸೂರಿನ ನಮ್ಮ ಮನೆಯಲ್ಲಿ ಕಾಫಿ ಇಳಿಯುವ ಹೊತ್ತು. ಆಗ ಫೋನು ಬರುತ್ತದೆ.

"ತಾತಾ, ಇವತ್ತು ನಾಲ್ಕಕ್ಕೆ ಎರಡು!"

"ಭೇಷ್! ಬರೆದುಕೊಂಡೆಯಾ?"

"ಬರೆದಾಯ್ತು. ನೀವೂ ಬರೆದುಕೊಳ್ಳಿ."

ಆ ಕಡೆ ನನ್ನ ಮೊಮ್ಮಗ, ಹತ್ತು ವರ್ಷದವನು. ನನ್ನ ಮಗಳ ಮನೆ ಇರುವುದು ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಡರ್ಹಮ್ ಎಂಬ ಊರಿನಲ್ಲಿ. ನಮಗೆ ಬೆಳಗಾಗುವಾಗ ಅವರಿಗೆ ಹಿಂದಿನ ದಿನದ ರಾತ್ರಿ ಒಂಬತ್ತೂವರೆ. ಅಲ್ಲಿ ಸಂಜೆ ಶುರುವಾದ ಆಟ ಮುಗಿಯುವುದಕ್ಕೂ ನನ್ನ ಕಾಫಿ ಬರುವುದಕ್ಕೂ ಸರಿಹೋಗುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ನಮ್ಮ ದಿನಚರಿ. ಅಲ್ಲಿ ಸೋಮವಾರ ಸಾಮಾನ್ಯವಾಗಿ ಆಟಕ್ಕೆ ರಜೆ. ಹಾಗಾಗಿ ನಮ್ಮ ಮಂಗಳವಾರದ ಕಾಫಿ ಮಾತ್ರ ಸಪ್ಪೆ.

ಈ ಹುಚ್ಚು ನನಗೆ ಹತ್ತಿದ್ದು ಮಗಳ ಮನೆಗೆ ಹೋಗಿದ್ದಾಗ. ಒಂದು ಸಂಜೆ ಮೊಮ್ಮಗ ನನ್ನನ್ನೂ ಅವನ ಅಜ್ಜಿಯನ್ನೂ ಡರ್ಹಮ್ ಬುಲ್ಸ್ ತಂಡದ ಮೈದಾನಕ್ಕೆ ಕರೆದುಕೊಂಡು ಹೋದ. ಅಲ್ಲಿ ಗೋಡೆಯ ಮೇಲೆ ದೊಡ್ಡದೊಂದು ಗೂಳಿಯ ಚಿತ್ರದ ಫಲಕವಿದೆ. ಹೊಡೆದ ಚೆಂಡು ಗೂಳಿಗೆ ತಗುಲಿದರೆ ಆಟಗಾರನಿಗೆ ಮಾಂಸದೂಟ ಬಹುಮಾನ, ಗೂಳಿಯ ಕಾಲ ಕೆಳಗಿನ ಹುಲ್ಲಿಗೆ ತಗುಲಿದರೆ ಸಲಾಡ್ ಎಂದು ಬರೆದಿದೆ. ಅವನ ಅಜ್ಜಿ ಅದನ್ನು ಓದಿ, "ನಮ್ಮ ಮನೆಯವರು ಯಾರಾದರೂ ಆಡಿದರೆ ಹುಲ್ಲಿಗೇ ಗುರಿ ಇಡಬೇಕಪ್ಪ" ಅಂದಳು. ಮೊಮ್ಮಗ ಬಿದ್ದು ಬಿದ್ದು ನಕ್ಕ.

ಮಕ್ಕಳೇ, ಡರ್ಹಮ್ ಬುಲ್ಸ್ ಟಿವಿಯಲ್ಲಿ ಬರುವ ದೊಡ್ಡ ತಂಡವಲ್ಲ. ಅಮೆರಿಕದ ಬೇಸ್‌ಬಾಲ್ ಒಂದು ಏಣಿ ಇದ್ದ ಹಾಗೆ. ತುದಿಯಲ್ಲಿ ಮೇಜರ್ ಲೀಗ್, ಅಲ್ಲಿ 30 ತಂಡಗಳು. ಆ ಒಂದೊಂದು ತಂಡಕ್ಕೂ ಕೆಳಗೆ ನಾಲ್ಕು ಮೆಟ್ಟಿಲು: ಟ್ರಿಪಲ್-ಎ, ಡಬಲ್-ಎ, ಹೈ-ಎ, ಸಿಂಗಲ್-ಎ. ಮೆಟ್ಟಿಲಿಗೊಂದು ತಂಡ, ಒಟ್ಟು 120 ತಂಡಗಳು. ಇವೇ ಮೈನರ್ ಲೀಗ್. ಇವುಗಳಿಗೂ ಕೆಳಗೆ ಹೊಸಬರ ಲೀಗ್ ಬೇರೆ ಇದೆ. ಬುಲ್ಸ್ ಆಡುವುದು ಟ್ರಿಪಲ್-ಎ ಮೆಟ್ಟಿಲಿನಲ್ಲಿ. ಅದರ ಮೇಲಿನ ದೊಡ್ಡ ತಂಡ ಟ್ಯಾಂಪಾ ಬೇ ರೇಸ್. ಕೆಳಗಿನ ಮೆಟ್ಟಿಲುಗಳಲ್ಲಿ ಬೆಳೆಯುತ್ತಿರುವ, ಮುಂದೆ ಹೆಸರು ಮಾಡಬಹುದು ಎಂದು ನಿರೀಕ್ಷೆ ಇರುವ ಹುಡುಗರಿಗೆ 'ಪ್ರಾಸ್ಪೆಕ್ಟ್' ಎನ್ನುತ್ತಾರೆ.

ನಾನು ಬ್ಯಾಂಕಿನಲ್ಲಿದ್ದವನಲ್ಲವೇ, ಮೊದಲು ಕೇಳಿದ್ದು ಸಂಬಳ! 2023ರಲ್ಲಿ ಆಟಗಾರರ ಸಂಘ ಮಾಡಿಕೊಂಡ ಒಪ್ಪಂದದಂತೆ ಟ್ರಿಪಲ್-ಎ ಆಟಗಾರನಿಗೆ ವರ್ಷಕ್ಕೆ ಕನಿಷ್ಠ 35,800 ಡಾಲರ್, ಸಿಂಗಲ್-ಎ ಹುಡುಗನಿಗೆ 26,200. ಅದೇ ವರ್ಷ ಮೇಜರ್ ಲೀಗಿನ ಕನಿಷ್ಠ ಸಂಬಳ 7,20,000 ಡಾಲರ್. ಟ್ರಿಪಲ್-ಎಯಿಂದ ಒಂದೇ ಒಂದು ಮೆಟ್ಟಿಲು ಹತ್ತಿದರೆ ಇಪ್ಪತ್ತು ಪಟ್ಟು!

ಆ ಸಂಜೆ ಬುಲ್ಸ್ ವಿರುದ್ಧ ಆಡಲು ಬಂದಿದ್ದ ತಂಡದ ಒಬ್ಬ ಹುಡುಗ ಬೇಲಿಯ ಹತ್ತಿರ ಬಂದು ಮೊಮ್ಮಗನ ಚೆಂಡಿನ ಮೇಲೆ ರುಜು ಹಾಕಿಕೊಟ್ಟ. ಅಷ್ಟೇ ಸಾಕಾಯಿತು. ಅವನ ಹೆಸರಿನಲ್ಲಿ ಇವನು ಒಂದು ನೋಟ್‌ಬುಕ್ ತೆರೆದ. ಮೈಸೂರಿಗೆ ಬಂದ ಮೇಲೆ ನಾನೂ ಒಂದು ತೆರೆದೆ. ವಾರಕ್ಕೊಮ್ಮೆ ಎರಡೂ ಪುಸ್ತಕ ಟ್ಯಾಲಿ ಮಾಡುತ್ತಿದ್ದೆವು.

ಲೆಕ್ಕ ಸುಲಭ. 'ನಾಲ್ಕಕ್ಕೆ ಎರಡು' ಎಂದರೆ ನಾಲ್ಕು ಸಲ ಬ್ಯಾಟ್ ಹಿಡಿದು ಎರಡು ಸಲ ಸರಿಯಾದ ಹೊಡೆತ ಹೊಡೆದ ಎಂದರ್ಥ. ಹೊಡೆತಗಳನ್ನು ಅವಕಾಶಗಳಿಂದ ಭಾಗಿಸಿದರೆ ಬ್ಯಾಟಿಂಗ್ ಸರಾಸರಿ. ಹತ್ತಕ್ಕೆ ಮೂರು, ಅಂದರೆ .300 ಬಂದರೆ ಒಳ್ಳೆಯ ಆಟಗಾರ. ಯೋಚನೆ ಮಾಡಿ: ಹತ್ತರಲ್ಲಿ ಏಳು ಸಲ ಸೋತವನನ್ನು ಜಾಣ ಎನ್ನುವ ಆಟ ಇದು!

ಆದರೆ ಸರಾಸರಿ ಒಂದನ್ನೇ ನೋಡಬಾರದು ಎಂದು ಮೊಮ್ಮಗನೇ ನನಗೆ ಕಲಿಸಿದ. ಮೊದಲು ವಯಸ್ಸು ನೋಡಬೇಕಂತೆ. ಡಬಲ್-ಎಯಲ್ಲಿ 24 ವರ್ಷದವನು .300 ಹೊಡೆಯುವುದಕ್ಕಿಂತ 19 ವರ್ಷದವನು .250 ಹೊಡೆಯುವುದು ಹೆಚ್ಚಿನ ಭರವಸೆ, ಏಕೆಂದರೆ ಅವನು ತನಗಿಂತ ದೊಡ್ಡವರ ಜೊತೆ ಆಡುತ್ತಿದ್ದಾನೆ. ಆಮೇಲೆ ತಾಳ್ಮೆ ನೋಡಬೇಕು: ಕೆಟ್ಟ ಎಸೆತಗಳನ್ನು ಬಿಟ್ಟು ಎಷ್ಟು ಸಲ ಪುಕ್ಕಟೆ ಬೇಸ್‌ಗೆ ನಡೆದ, ಎಷ್ಟು ಸಲ ಸುಮ್ಮನೆ ಬೀಸಿ ಔಟಾದ ಎಂದು. ಒಂದು ವಾರದ ಅಂಕಿ ನೋಡಿ ಕುಣಿಯಲೂಬಾರದು, ಅಳಲೂಬಾರದು. ಅಜ್ಜ-ಅಜ್ಜಿಯರೇ, ಮೊಮ್ಮಕ್ಕಳ ಕಿರುಪರೀಕ್ಷೆಯ ಅಂಕ ನೋಡುವಾಗಲೂ ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಮೈಕ್ ಪಿಯಾಝಾ ಎಂಬ ಆಟಗಾರನ ಕಥೆ ಇದಕ್ಕೆ ಸಾಕ್ಷಿ. 1988ರಲ್ಲಿ ತಂಡಗಳು ಸರದಿಯ ಪ್ರಕಾರ ಹುಡುಗರನ್ನು ಆರಿಸಿಕೊಂಡಾಗ ಅವನು 1,390ನೆಯವನು. ಅವನು ಮುಂದೆ 427 ಹೋಮ್ ರನ್ ಹೊಡೆದು, 2016ರಲ್ಲಿ ಹಾಲ್ ಆಫ್ ಫೇಮ್ ಎಂಬ ಅತಿ ದೊಡ್ಡ ಗೌರವ ಪಡೆದ. ಇನ್ನೊಂದು ಕಡೆ ಮೈಕಲ್ ಜೋರ್ಡನ್! ಬ್ಯಾಸ್ಕೆಟ್‌ಬಾಲ್‌ನ ಮಹಾರಾಜ. 1994ರಲ್ಲಿ ಬರ್ಮಿಂಗ್‌ಹ್ಯಾಮ್ ಬ್ಯಾರನ್ಸ್ ಎಂಬ ಡಬಲ್-ಎ ತಂಡದಲ್ಲಿ ಬೇಸ್‌ಬಾಲ್ ಆಡಿದ. ಸರಾಸರಿ ಬರೀ .202.

ನಮ್ಮ ದೇಶದವರೂ ಈ ಏಣಿಗೆ ಕಾಲಿಟ್ಟಿದ್ದಾರೆ. 2008ರಲ್ಲಿ ಭಾರತದಲ್ಲಿ ನಡೆದ ವೇಗದ ಎಸೆತದ ಸ್ಪರ್ಧೆಯೊಂದರಿಂದ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಆಯ್ಕೆಯಾಗಿ ಪಿಟ್ಸ್‌ಬರ್ಗ್ ಪೈರೇಟ್ಸ್ ಸಂಸ್ಥೆಗೆ ಸೇರಿದರು. ಇಬ್ಬರೂ ಜಾವೆಲಿನ್ ಎಸೆಯುತ್ತಿದ್ದವರು, ಅದಕ್ಕೆ ಮುಂಚೆ ಬೇಸ್‌ಬಾಲ್ ಆಡಿದವರಲ್ಲ. 2009ರಲ್ಲಿ ಕೆಳಗಿನ ಲೀಗಿನಲ್ಲಿ ಆಡಿದರು. ದಿನೇಶ್ ಎರಡು ವರ್ಷದಲ್ಲಿ ಊರಿಗೆ ಮರಳಿದ. ರಿಂಕು ಇನ್ನೂ ಕೆಲವು ವರ್ಷ ಪ್ರಯತ್ನಿಸಿ, ಮುಂದೆ ವೃತ್ತಿಪರ ಕುಸ್ತಿಗೆ ಹೋದ. ಏಣಿಯ ತುದಿಗೆ ಇಬ್ಬರೂ ಮುಟ್ಟಲಿಲ್ಲ.

ನಮ್ಮ ನೋಟ್‌ಬುಕ್ಕಿನ ಹುಡುಗನೂ ಮುಟ್ಟಲಿಲ್ಲ. ಕಳೆದ ಆಗಸ್ಟ್‌ನಲ್ಲಿ ಒಂದು ಬೆಳಗ್ಗೆ ಫೋನು ಬಂದಾಗ ಮೊಮ್ಮಗ ಸ್ಕೋರು ಹೇಳಲಿಲ್ಲ.

"ತಾತಾ, ಅವನನ್ನ ತಂಡದಿಂದ ತೆಗೆದುಬಿಟ್ಟಿದ್ದಾರೆ. ಪಟ್ಟಿಯಲ್ಲಿ ಹೆಸರೇ ಇಲ್ಲ."

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವನು, "ಇಷ್ಟು ದಿನ ಬರೆದಿದ್ದು ವೇಸ್ಟ್ ಆಯ್ತು. ಹಾಳೆ ಹರಿದು ಹಾಕ್ತೀನಿ" ಅಂದ. ಧ್ವನಿ ಗದ್ಗದವಾಗಿತ್ತು. ಹೇಗೆ ಸಮಾಧಾನ ಮಾಡುವುದು? 'ಇನ್ನೊಬ್ಬನನ್ನು ಆರಿಸಿಕೋ' ಅಂದರೆ ಅದು ಸಮಾಧಾನವಲ್ಲ. ಅದಕ್ಕೇ ಒಂದು ಕಥೆ ಹೇಳಿದೆ.

1981ರ ಏಪ್ರಿಲ್ 18. ರೋಡ್ ಐಲ್ಯಾಂಡ್ ರಾಜ್ಯದ ಪಾಟಕೆಟ್ ಎಂಬ ಊರು. ಅಲ್ಲಿನ ಟ್ರಿಪಲ್-ಎ ತಂಡಕ್ಕೂ ರಾಚೆಸ್ಟರ್ ತಂಡಕ್ಕೂ ಪಂದ್ಯ. ಬೇಸ್‌ಬಾಲ್‌ನಲ್ಲಿ ಒಂಬತ್ತು ಇನಿಂಗ್ಸ್. ಸಮ ಆದರೆ ಒಬ್ಬರು ಗೆಲ್ಲುವವರೆಗೆ ಮುಂದುವರಿಯುತ್ತದೆ. ಆ ರಾತ್ರಿ ಯಾರೂ ಗೆಲ್ಲಲೇ ಇಲ್ಲ! ಮೈ ಕೊರೆಯುವ ಚಳಿ. ಆಟಗಾರರು ಮುರಿದ ಬ್ಯಾಟುಗಳನ್ನು ಸುಟ್ಟು ಮೈ ಕಾಯಿಸಿಕೊಂಡರು. ಬೆಳಗಿನ ಜಾವ 4 ಗಂಟೆ 7 ನಿಮಿಷಕ್ಕೆ, 32 ಇನಿಂಗ್ಸ್ ಆದ ಮೇಲೆ ಆಟ ನಿಲ್ಲಿಸಿದರು. ಆಗ ಉಳಿದಿದ್ದ ಪ್ರೇಕ್ಷಕರು 19 ಮಂದಿ. ಜೂನ್ 23ರಂದು ಮತ್ತೆ ಶುರುಮಾಡಿದರೆ 18 ನಿಮಿಷದಲ್ಲಿ, 33ನೇ ಇನಿಂಗ್ಸ್‌ನಲ್ಲಿ ಮುಗಿಯಿತು. ವೃತ್ತಿಪರ ಬೇಸ್‌ಬಾಲ್‌ನಲ್ಲಿ ಅದಕ್ಕಿಂತ ಉದ್ದದ ಪಂದ್ಯ ಇನ್ನೊಂದಿಲ್ಲ.

ಆ ಪಂದ್ಯದಲ್ಲಿ ಇಬ್ಬರು ಹುಡುಗರಿದ್ದರು: ಪಾಟಕೆಟ್‌ನ ವೇಡ್ ಬಾಗ್ಸ್, ರಾಚೆಸ್ಟರ್‌ನ ಕ್ಯಾಲ್ ರಿಪ್ಕೆನ್. ಬಾಗ್ಸ್‌ಗೆ ಅದು ಮೈನರ್ ಲೀಗಿನಲ್ಲಿ ಆರನೇ ವರ್ಷ. ಇಬ್ಬರೂ ಮುಂದೆ ಹಾಲ್ ಆಫ್ ಫೇಮ್ ಸೇರಿದರು. ಆದರೆ ಗೆಲುವಿನ ಹೊಡೆತ ಹೊಡೆದವನು ಇವರಿಬ್ಬರೂ ಅಲ್ಲ, ಪಾಟಕೆಟ್‌ನ ಡೇವ್ ಕೋಝಾ. ಅವನು ಮೇಜರ್ ಲೀಗಿನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ.

"ಒಂದೂ ಇಲ್ವಾ ತಾತಾ?"

"ಒಂದೂ ಇಲ್ಲ. ಆದರೆ ಆ ಪಂದ್ಯ ಗೆಲ್ಲಿಸಿದ್ದು ಅವನೇ ತಾನೆ? ಅವತ್ತಿನ ಸ್ಕೋರು ಯಾರಾದರೂ ಹರಿದು ಹಾಕಿದ್ದರೆ ನಿನ್ನ ತಾತನಿಗೆ ಅದು ಹೇಗೆ ಗೊತ್ತಾಗುತ್ತಿತ್ತು?"

ಮತ್ತೆ ಹೇಳಿದೆ: "ಬ್ಯಾಂಕಿನಲ್ಲಿ ಯಾರಾದರೂ ಖಾತೆ ಮುಚ್ಚಿದರೆ ನಾವು ಲೆಡ್ಜರ್ ಹಾಳೆ ಹರಿಯುತ್ತಿರಲಿಲ್ಲ ಕಂದಾ. ಕೊನೆಯ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ಜೋಪಾನವಾಗಿ ಎತ್ತಿಡುತ್ತಿದ್ದೆವು. ಮುಚ್ಚಿದ ಖಾತೆ ಅಂದರೆ ನಷ್ಟದ ಖಾತೆ ಅಂತಲ್ಲ. ಅದರೊಳಗಿನ ಒಂದೊಂದು ನಮೂದೂ ನಿಜವಾಗಿ ನಡೆದದ್ದು."

ಅವನು ಏನೂ ಹೇಳದೆ ಫೋನಿಟ್ಟ. ಮಾರನೇ ದಿನ ಮಗಳು ಒಂದು ಫೋಟೋ ಕಳಿಸಿದಳು. ನೋಟ್‌ಬುಕ್ಕಿನ ಕೊನೆಯ ಸಾಲಿನ ಕೆಳಗೆ, ಸ್ಕೇಲ್ ಇಟ್ಟು ಎಳೆದ ಕೆಂಪು ಗೆರೆ. ಅದರ ಕೆಳಗೆ ಅವನ ಸೊಟ್ಟ ಕನ್ನಡ ಅಕ್ಷರದಲ್ಲಿ, 'ಚೆನ್ನಾಗಿ ಆಡಿದ' ಎಂದಿತ್ತು.

ನಾನೂ ನನ್ನ ಪುಸ್ತಕದಲ್ಲಿ ಹಾಗೇ ಬರೆದು ಟ್ಯಾಲಿ ಮಾಡಿದೆ.

ಮಕ್ಕಳೇ, ಈ ವಾರದ ಲೆಕ್ಕ ನಿಮಗೆ. ಆ 33 ಇನಿಂಗ್ಸ್ ಪಂದ್ಯದಲ್ಲಿ ಬಾಗ್ಸ್ 12ಕ್ಕೆ 4 ಹೊಡೆದ, ಕೋಝಾ 14ಕ್ಕೆ 5. ಭಾಗಾಕಾರ ಮಾಡಿ ನೋಡಿ: ಅವತ್ತು ಯಾರ ಸರಾಸರಿ ಹೆಚ್ಚು? ಉತ್ತರ ಸಿಕ್ಕ ಮೇಲೆ ನಿಮ್ಮ ಮನೆಯ ತಾತನಿಗೋ ಅಜ್ಜಿಗೋ ಈ ಕಥೆ ಹೇಳಿ.