ಶ್ರೀಲಂಕಾಕ್ಕೆ ಹೋದರೆ ಕೆರೆ ಏರಿ ಹತ್ತಿ

ರೈತನಿಗೆ ವಿದೇಶ ಪ್ರವಾಸ ಯಾಕೆ ಅನ್ನುವವರಿದ್ದಾರೆ. ಹೋಗಬೇಕು ಅನ್ನುವವ ನಾನು. ಆದರೆ ಗೈಡು ತೋರಿಸಿದ್ದನ್ನಷ್ಟೇ ನೋಡಿ ಬಂದರೆ ದುಡ್ಡು ದಂಡ. ಐದು ದಿನದ ಶ್ರೀಲಂಕಾ ಪ್ರವಾಸ ಅಂದರೆ ಕ್ಯಾಂಡಿಯ ದಂತಮಂದಿರ, ಸಿಗಿರಿಯಾ ಬಂಡೆ, ಟೀ ತೋಟ, ಕಡಲ ದಂಡೆ. ಪೊಲೊನ್ನರುವದ ಪರಾಕ್ರಮ ಸಮುದ್ರದ ಹತ್ತಿರ ನಮಗೆ ಸಿಕ್ಕಿದ್ದು ಫೋಟೋ ತೆಗೆಯುವಷ್ಟು ಹೊತ್ತು. ಹೆಸರು ಸಮುದ್ರ, ಇರುವುದು ಕೆರೆ. 12ನೇ ಶತಮಾನದಲ್ಲಿ ರಾಜ ಪರಾಕ್ರಮಬಾಹು ಕಟ್ಟಿಸಿದ್ದು, ಇವತ್ತಿಗೂ ಗದ್ದೆಗೆ ನೀರು ಕೊಡುತ್ತಿದೆ.

ಬಯಲುಸೀಮೆಯವರು ನೋಡಬೇಕಾದ್ದು ಅನುರಾಧಪುರದ ಕಡೆಯ ಹಳ್ಳಿ ಕೆರೆಗಳನ್ನು. ನಮ್ಮಂತೆಯೇ ಸರಪಣಿ ಕೆರೆಗಳು. ಮೇಲಿನ ಕೆರೆಯ ನೀರು ಕೆಳಗಿನದಕ್ಕೆ. ನೀರು ಬರುವ ಕಡೆ ಹೂಳು ತಡೆಯಲು ಹುಲ್ಲಿನ ಪಟ್ಟಿ. ಗಾಳಿ ತಡೆಯಲು ಮರಗಳು. ಏರಿಯ ಕೆಳಗೆ, ಸವಳು ಗದ್ದೆಗೆ ಇಳಿಯದಂತೆ ಗಿಡಮರಗಳ ಇನ್ನೊಂದು ಪಟ್ಟಿ. ನಮ್ಮಲ್ಲಿ ಇಂಥ ಜಾಗ ಎಷ್ಟೋ ಕಡೆ ಒತ್ತುವರಿಯಾಗಿದೆ.

ಎಲ್ಲಕ್ಕಿಂತ ದೊಡ್ಡದು ಅವರ ‘ಬೆತ್ಮ’ ಪದ್ಧತಿ. ಕೆರೆ ತುಂಬದ ವರ್ಷ ತೂಬಿಗೆ ಹತ್ತಿರದ ಗದ್ದೆಯನ್ನಷ್ಟೇ ಬೆಳೆಯುವುದು. ಆ ಹಂಗಾಮಿಗೆ ಅದನ್ನು ಅಚ್ಚುಕಟ್ಟಿನ ಎಲ್ಲರಿಗೂ ಹಂಚುವುದು. ಕೊನೆಯ ಗದ್ದೆಯವನೂ ಅಷ್ಟಿಷ್ಟು ಕಾಳು ಕಾಣುತ್ತಾನೆ. ನಾವೋ, ನೀರು ಕಮ್ಮಿಯಾದರೆ ಇನ್ನೊಂದು ಬೋರು ಕೊರೆಸುತ್ತೇವೆ. ಸಾಲ ನಮ್ಮದು, ಬತ್ತುವುದು ಪಕ್ಕದವನದು.

ಹೋಗುವ ಸಂಘದವರು ಮುಂಗಡ ಕೊಡುವ ಮೊದಲೇ ಹೇಳಿ: ಒಂದು ದಿನ ಕಡಲು ಬಿಡಿ, ಕೆರೆ ಕೆಳಗಿನ ರೈತರ ಜತೆ ಕೂರಿಸಿ. ವಾಪಸು ಬಂದ ಮೇಲೆ ಊರಿನ ಕೆರೆ ಏರಿ ಮೇಲೆ ಒಂದು ಸಭೆ ಕರೆಯಿರಿ. ಆಗ ಕೊಟ್ಟ ದುಡ್ಡು ವಸೂಲಿ.