ಗಜ್ರಿ ಬೆಳೆದವರ ಲೆಕ್ಕ

ಕಲಬುರಗಿಯ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ದರ ಬಿದ್ದ ದಿನ ರೈತರು ಮೊದಲು ಕೇಳುವುದು ಹೊರಗಿನ ಮಾಲು ಎಷ್ಟು ಬಂದಿದೆ ಎಂದು. ಬೇಳೆಕಾಳು ವ್ಯಾಪಾರಿಗಳ ದರಪಟ್ಟಿಯಲ್ಲಿ ಬರ್ಮಾದ ಲೆಮನ್, ತಾಂಜಾನಿಯಾದ ಮಟ್ವಾರಾ, ಮೊಜಾಂಬಿಕ್‌ನ ಗಜ್ರಿ ಎಂಬ ತೊಗರಿಗಳೆಲ್ಲವೂ ನಮ್ಮ ತೊಗರಿಯ ಸಾಲಿನಲ್ಲೇ ಇರುತ್ತವೆ. ಆ ಗಜ್ರಿ ಬೆಳೆದವರ ಕೈಗೆ ಎಷ್ಟು ಸಿಕ್ಕಿತು ಎಂದು ಮಾತ್ರ ನಾವು ಕೇಳುವುದಿಲ್ಲ. ಕೇಳಬೇಕು. 2017ರಲ್ಲಿ ಆ ರೈತರೂ ನಮ್ಮ ರೈತರೂ ಒಂದೇ ಕಾರಣಕ್ಕೆ ಕೈಸುಟ್ಟುಕೊಂಡರು.

ನಡೆದದ್ದು ಹೀಗೆ. ಸತತ ಎರಡು ವರ್ಷದ ಬರದಿಂದ 2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ದೆಹಲಿ ಕಂಗಾಲಾಯಿತು. 2016ರ ಜುಲೈನಲ್ಲಿ ಪ್ರಧಾನಿ ಮೋದಿ ಮೊಜಾಂಬಿಕ್ ರಾಜಧಾನಿ ಮಾಪುಟೊಗೆ ಹೋದಾಗ ಆ ದೇಶದ ಜೊತೆ ಒಪ್ಪಂದವಾಯಿತು: ಮೊದಲ ವರ್ಷ ಒಂದು ಲಕ್ಷ ಟನ್, ವರ್ಷದಿಂದ ವರ್ಷಕ್ಕೆ ಏರಿ 2020–21ಕ್ಕೆ ಎರಡು ಲಕ್ಷ ಟನ್ ತೊಗರಿಯನ್ನು ಭಾರತ ತರಿಸಿಕೊಳ್ಳುವುದು. ಉತ್ತರ ಮತ್ತು ಮಧ್ಯ ಮೊಜಾಂಬಿಕ್‌ನ ನಂಪುಲಾ, ಜಾಂಬೇಜಿಯಾ ಪ್ರಾಂತ್ಯಗಳ ಹಳ್ಳಿಗಳಿಗೆ ಈ ಸುದ್ದಿ ಬೇಗ ತಲುಪಿತು. ಅಲ್ಲಿನದು ಎರಡು ಮೂರು ಎಕರೆಯ ಹಿಡುವಳಿ. ಎತ್ತಿಲ್ಲ, ಟ್ರ್ಯಾಕ್ಟರ್ ಇಲ್ಲ, ಗುದ್ದಲಿಯದೇ ಬೇಸಾಯ. ಮೆಕ್ಕೆಜೋಳದ ಸಾಲುಗಳ ನಡುವೆ ತೊಗರಿ. ಆದರೆ ಅವರ ನಿತ್ಯದ ಊಟ ಮೆಕ್ಕೆಜೋಳ ಮತ್ತು ಮರಗೆಣಸು. ಮಾರಲೆಂದು ಬೆಳೆದ ತೊಗರಿಯ ಬಹುಪಾಲು ನಕಾಲಾ ಬಂದರಿನಿಂದ ಹಡಗು ಹತ್ತಿ ಭಾರತಕ್ಕೇ ಬರಬೇಕು. ನಾವು ಬೇಡವೆಂದರೆ ಬೇರೆ ಗಿರಾಕಿ ಇಲ್ಲವೆಂದೇ ಹೇಳಬೇಕು.

ಅದೇ ವರ್ಷ ಇಲ್ಲಿ ಮಳೆ ಚೆನ್ನಾಯಿತು. ಹಿಂದಿನ ವರ್ಷ ಸುಮಾರು 25 ಲಕ್ಷ ಟನ್ ಇದ್ದ ದೇಶದ ತೊಗರಿ ಬೆಳೆ 2016–17ರಲ್ಲಿ 48 ಲಕ್ಷ ಟನ್ ದಾಟಿತು. ಕ್ವಿಂಟಲ್‌ಗೆ 5,050 ರೂಪಾಯಿ ಬೆಂಬಲ ಬೆಲೆ ಇದ್ದರೂ ಪೇಟೆಯಲ್ಲಿ ಅಷ್ಟು ಕೊಡುವವರಿರಲಿಲ್ಲ. ಖರೀದಿ ಕೇಂದ್ರಗಳ ಮುಂದೆ ಚೀಲ ಹೇರಿದ ಗಾಡಿಗಳು ದಿನಗಟ್ಟಲೆ ನಿಂತವು. 2017ರ ಆಗಸ್ಟ್ 5ರಂದು ಕೇಂದ್ರ ಸರ್ಕಾರ ಆಮದಿಗೆ ಮಿತಿ ಹಾಕಿತು. ಒಪ್ಪಂದದ ಪಾಲಿಗೆ ವಿನಾಯಿತಿ ಇತ್ತು, ನಿಜ. ಆದರೆ ಭಾರತದ ಬೇಡಿಕೆ ನಂಬಿ ಅಲ್ಲಿನವರು ಒಪ್ಪಂದಕ್ಕಿಂತ ಹೆಚ್ಚೇ ಬಿತ್ತಿದ್ದರು, ಮತ್ತು ಆಗಸ್ಟ್ ಎಂದರೆ ಅಲ್ಲಿ ಒಕ್ಕಣೆ ಮುಗಿಸಿ ಮಾರುವ ಹೊತ್ತು. ದರ ನೆಲಕಚ್ಚಿತು. ಕಾಳಿಗೆ ಮನೆಯಲ್ಲೇ ಹುಳ ಹಿಡಿಯಿತು. ನಮ್ಮ ರೈತರನ್ನು ಉಳಿಸಲು ಆ ಮಿತಿ ಬೇಕಿತ್ತು ಎನ್ನುವುದನ್ನು ನಾನು ಒಪ್ಪುತ್ತೇನೆ. ಬಿತ್ತುವ ಮೊದಲು ಹೇಳದೆ, ಕೊಯ್ದ ಮೇಲೆ ಹೇಳಿದ್ದನ್ನು ಒಪ್ಪಲಾರೆ.

ಮೊಜಾಂಬಿಕ್‌ಗೆ ಇಂಥ ಪೆಟ್ಟು ಹೊಸದಲ್ಲ. 1970ರ ದಶಕದ ಆರಂಭದಲ್ಲಿ ಗೇರುಬೀಜ ಬೆಳೆಯುವುದರಲ್ಲಿ ಅದು ಜಗತ್ತಿಗೇ ಮೊದಲು. 1990ರ ದಶಕದಲ್ಲಿ ವಿಶ್ವಬ್ಯಾಂಕ್ ಕಚ್ಚಾ ಬೀಜದ ರಫ್ತು ಸುಂಕ ಇಳಿಸಬೇಕೆಂದು ಷರತ್ತು ಹಾಕಿತು. ಬೀಜ ಸಿಪ್ಪೆಸಮೇತ ಭಾರತದ ಕಾರ್ಖಾನೆಗಳಿಗೆ ಹರಿಯಿತು, ಮೊಜಾಂಬಿಕ್‌ನ ಕಾರ್ಖಾನೆಗಳು ಬಾಗಿಲು ಹಾಕಿದವು, ಸಾವಿರಾರು ಕಾರ್ಮಿಕರು ಬೀದಿಗೆ ಬಿದ್ದರು. ರೈತರಿಗೆ ಹೆಚ್ಚು ಬೆಲೆ ಸಿಗುತ್ತದೆ ಎಂಬ ಮಾತಿತ್ತು. ಲಾಭದ ದೊಡ್ಡ ಪಾಲು ನಡುವಿನವರಲ್ಲೇ ಉಳಿಯಿತು. ಆಫ್ರಿಕಾದ ಕಚ್ಚಾ ಬೀಜ ಇಂದಿಗೂ ಬರುವ ಮಂಗಳೂರಿನವರಿಗೆ ಈ ಕಥೆ ಗೊತ್ತಿರಬೇಕು.

ಅಲ್ಲಿ ಏಷ್ಯಾದವರ ಕೈ ತೊಗರಿ, ಗೇರುಬೀಜಕ್ಕಷ್ಟೇ ನಿಂತಿಲ್ಲ. ಚೀನಾದ ಸಾಲದಲ್ಲಿ, ಚೀನಾದ ಕಂಪನಿ ಕಟ್ಟಿದ ಮಾಪುಟೊ–ಕಟೆಂಬೆ ತೂಗುಸೇತುವೆ 2018ರಲ್ಲಿ ತೆರೆಯಿತು. ರೋವುಮಾ ಜಲಾನಯನದ ಕಡಲಿನ ಒಂದು ಅನಿಲ ಯೋಜನೆಯಲ್ಲಿ ನಮ್ಮ ಸರ್ಕಾರಿ ತೈಲ ಕಂಪನಿಗಳ ಪಾಲು ಶೇ 30. 2021ರ ಮಾರ್ಚ್‌ನಲ್ಲಿ ಉಗ್ರರು ಅದರ ಹತ್ತಿರದ ಪಾಲ್ಮಾ ಪಟ್ಟಣದ ಮೇಲೆ ದಾಳಿ ಮಾಡಿದ ಮೇಲೆ ಆ ಕೆಲಸ ವರ್ಷಗಟ್ಟಲೆ ನಿಂತಿತು.

ನನಗೆ ಇವುಗಳಿಗಿಂತ ಮುಖ್ಯವಾಗಿ ಕಾಣುವುದು ಜಪಾನಿನ ಪ್ರಸಂಗ. 2009ರಲ್ಲಿ ಜಪಾನ್ ಮತ್ತು ಬ್ರೆಜಿಲ್ ಮೊಜಾಂಬಿಕ್ ಜೊತೆ ಸೇರಿ ನಕಾಲಾ ಕಾರಿಡಾರ್‌ನಲ್ಲಿ, ಎಂದರೆ ಇದೇ ತೊಗರಿ ಸೀಮೆಯಲ್ಲಿ, ಪ್ರೊಸವಾನಾ ಎಂಬ ಭಾರಿ ಕೃಷಿ ಯೋಜನೆಗೆ ಕೈಹಾಕಿದವು. ಜಮೀನು ಹೋಗುತ್ತದೆಂದು ಹೆದರಿದ ರೈತ ಸಂಘಗಳು 2013ರಲ್ಲಿ ಮೂರೂ ದೇಶಗಳ ನಾಯಕರಿಗೆ ಬಹಿರಂಗ ಪತ್ರ ಬರೆದವು. ಜಪಾನಿನ ನಾಗರಿಕ ಸಂಘಟನೆಗಳು ಅವರ ಜೊತೆ ನಿಂತು ತಮ್ಮ ಸರ್ಕಾರವನ್ನೇ ಪ್ರಶ್ನಿಸಿದವು. 2020ರಲ್ಲಿ ಯೋಜನೆ ಮುಚ್ಚಿತು. ಟೋಕಿಯೊದ ಜನ ನಂಪುಲಾದ ರೈತರ ಪರ ನಿಲ್ಲಬಲ್ಲರಾದರೆ ಕಲಬುರಗಿಯವರಿಗೆ ಏಕೆ ಸಾಧ್ಯವಾಗಬಾರದು? ಇಲ್ಲಿ ಹಿತಾಸಕ್ತಿಯೂ ಒಂದೇ.

ಇತ್ತ ದೆಹಲಿಯವರು 2021ರ ಮೇ ತಿಂಗಳಲ್ಲಿ ತೊಗರಿ ಆಮದಿನ ಮಿತಿ ತೆಗೆದರು, ಆಮೇಲೆ ಸುಂಕವನ್ನೂ ತೆಗೆದರು. ಮೊಜಾಂಬಿಕ್ ಒಪ್ಪಂದವನ್ನು ವರ್ಷಕ್ಕೆ ಎರಡು ಲಕ್ಷ ಟನ್‌ನಂತೆ 2025–26ರವರೆಗೆ ಮುಂದುವರಿಸಿದರು. 2023ರ ಕೊನೆಗೆ ಅಲ್ಲಿನ ರಫ್ತುದಾರರ ಜಗಳ ಕೋರ್ಟ್ ಹತ್ತಿ ನಕಾಲಾದಲ್ಲಿ ಮಾಲು ಕಟ್ಟಿಬಿದ್ದಾಗ ಇಲ್ಲಿ ಬೇಳೆ ದುಬಾರಿಯಾಯಿತು. ಬಾಗಿಲು ಒಮ್ಮೆ ಪೂರ್ತಿ ತೆರೆಯುವುದು, ಒಮ್ಮೆ ದಢಾರನೆ ಮುಚ್ಚುವುದು ನೀತಿಯಲ್ಲ. ಇದರಲ್ಲಿ ಗೆಲ್ಲುವವರು ಗೋದಾಮು ಇರುವವರು ಮಾತ್ರ.

ಕಲಬುರಗಿಯಲ್ಲಿ ತೊಗರಿ ಬಿತ್ತನೆ ಜೂನ್, ಜುಲೈನಲ್ಲಿ. ನಂಪುಲಾದಲ್ಲಿ ನವೆಂಬರ್, ಡಿಸೆಂಬರ್‌ನಲ್ಲಿ. ಮುಂದಿನ ಎರಡು ವರ್ಷ ಎಷ್ಟು ತರಿಸುತ್ತೇವೆ ಎಂಬುದನ್ನು ಪ್ರತಿ ಮೇ ತಿಂಗಳಲ್ಲಿ ಪ್ರಕಟಿಸಿದರೆ ಎರಡೂ ಕಡೆಯವರು ನೋಡಿಕೊಂಡು ಬಿತ್ತಬಹುದು. ಹೊರಗಿನ ಮಾಲು ನಮ್ಮ ಬೆಂಬಲ ಬೆಲೆಗಿಂತ ಕೆಳಗೆ ಬಂದಿಳಿಯದಷ್ಟು ಸುಂಕ ಇರಲಿ. ಒಪ್ಪಿಕೊಂಡ ಪ್ರಮಾಣವನ್ನು ನಡುವರ್ಷದಲ್ಲಿ ಕಡಿಮೆ ಮಾಡುವುದು ಬೇಡ. ಸುಂಕದಿಂದ ಅಲ್ಲಿನವರಿಗೆ ಕಿಲೋಗೆ ಸ್ವಲ್ಪ ಕಡಿಮೆ ಸಿಗಬಹುದು. 2017ರ ಹಾಗೆ ಏನೂ ಸಿಗದೇ ಹೋಗುವುದಕ್ಕಿಂತ ಅದು ಎಷ್ಟೋ ವಾಸಿ. ನಮ್ಮ ಭಾಗದ ಸಂಸದರು, ತೊಗರಿ ಬೆಳೆಗಾರರ ಸಂಘಗಳು ಈ ಮೂರನ್ನೂ ದೆಹಲಿಯ ಮುಂದೆ ಇಡಲಿ, ನಂಪುಲಾದ ರೈತ ಸಂಘಗಳಿಗೂ ಒಂದು ಪ್ರತಿ ಕಳಿಸಲಿ.